ಸ್ವಾಧೀನಶಬ್ದಾರ್ಥವಿಚಾರ: ಮಾದಕದ್ರವ್ಯಗಳ ಕಾಯಿದೆಯನ್ನು ಕುರಿತು

ಒಬ್ಬನ ಮನೆಯಲ್ಲಿಯೋ ಚೀಲದಲ್ಲಿಯೋ ನಿಷಿದ್ಧವಾದ ವಸ್ತುವು ಸಿಕ್ಕಿದ ಮಾತ್ರದಿಂದಲೇ ಆತನು ಅಪರಾಧಿಯಾಗುವನೆ, ಅಥವಾ ಆ ವಸ್ತುವು ಅಲ್ಲಿರುವುದನ್ನು ಆತನು ಅರಿತಿರುವುದೂ ಅವಶ್ಯವೆ ಎಂಬ ಪ್ರಶ್ನೆಯು ವ್ಯವಹಾರಶಾಸ್ತ್ರದಲ್ಲಿ ಬಹು ಪುರಾತನವಾದುದು. ಗಾಂಜಾ, ಚರಸ್, ಅಫೀಮು, ಹೆರಾಯಿನ್ ಮೊದಲಾದ ದ್ರವ್ಯಗಳ ಮೊಕದ್ದಮೆಗಳಲ್ಲಿ ಈಗ ಈ ಪ್ರಶ್ನೆಯೇ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಇಂತಹ ಮೊಕದ್ದಮೆಗಳಲ್ಲಿ ದ್ರವ್ಯದ ತೂಕವು ಹೆಚ್ಚಾಗಿದ್ದರೆ ಶಿಕ್ಷೆಯು ಹತ್ತು ವರ್ಷಗಳಿಗೆ ಕಡಮೆಯಿಲ್ಲದಂತೆ ಇಪ್ಪತ್ತು ವರ್ಷಗಳವರೆಗೆ ಹೋಗುತ್ತದೆ. ಇಷ್ಟು ಘೋರವಾದ ದಂಡವು ಬಹುಮಟ್ಟಿಗೆ ಒಂದೇ ಶಬ್ದದ ಅರ್ಥವನ್ನು ಆಶ್ರಯಿಸಿ ನಿಂತಿದೆ. ಆ ಶಬ್ದವು ‘ಸ್ವಾಧೀನ’. ಅದರ ಅರ್ಥವೇನು, ಅದನ್ನು ಸ್ಥಾಪಿಸತಕ್ಕ ಭಾರವು ಯಾರದು, ಅದಕ್ಕೆ ನಮ್ಮ ಪೂರ್ವಿಕರ ವ್ಯವಹಾರವಿಚಾರದಿಂದ ಏನಾದರೂ ಬೆಳಕು ದೊರೆಯುವುದೆ ಎಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವುದು.

೧. ಶಬ್ದವಿಚಾರ

ಸ್ಮೃತಿಗ್ರಂಥಗಳಲ್ಲಿ ಮನುಷ್ಯನಿಗೂ ವಸ್ತುವಿಗೂ ಇರುವ ಸಂಬಂಧವನ್ನು ಮುಖ್ಯವಾಗಿ ಎರಡು ವಿಧವಾಗಿ ಹೇಳಿರುವರು. ಸ್ವತ್ವವೆಂದರೆ ಒಡೆತನ, ಭುಕ್ತಿ ಅಥವಾ ಭೋಗವೆಂದರೆ ವಸ್ತುವನ್ನು ಅನುಭವಿಸುತ್ತಿರುವುದು. ಭೋಗಕ್ಕಿಂತ ಆಗಮವು, ಅಂದರೆ ವಸ್ತುವು ಬಂದ ನ್ಯಾಯವಾದ ಮೂಲವು, ಪ್ರಬಲವೆಂದು ಯಾಜ್ಞವಲ್ಕ್ಯನ ಮತ. ಆದರೆ ಈ ಕಾಯಿದೆಯಲ್ಲಿ ಹೇಳಿರುವ ಸ್ವಾಧೀನವು ಇವೆರಡರಲ್ಲಿ ಯಾವುದೂ ಅಲ್ಲ. ಪರರ ಗಂಟನ್ನು ಕೂಲಿಗಾಗಿ ಹೊತ್ತವನು ಅದರ ಒಡೆಯನಲ್ಲ. ಆದರೂ ಅದು ಅವನ ಸ್ವಾಧೀನದಲ್ಲಿರುತ್ತದೆ. ಹುಟ್ಟಿದಂದಿನಿಂದ ಗಾಂಜಾವನ್ನು ಸೇದದವನು ಅದರ ಭೋಗಿಯಲ್ಲ. ಆದರೂ ಮಿತ್ರನ ಪೊಟ್ಟಣವನ್ನು ತಿಳಿದು ತನ್ನ ಪೆಟ್ಟಿಗೆಯಲ್ಲಿರಿಸಿಕೊಂಡರೆ ಸ್ವಾಧೀನವು ಸಿದ್ಧಿಸುತ್ತದೆ. ಆದುದರಿಂದ ‘ಅದು ನನ್ನದಲ್ಲ’ ಎಂಬ ಮಾತಾಗಲಿ, ‘ನಾನು ಅದನ್ನು ಉಪಯೋಗಿಸುವವನಲ್ಲ’ ಎಂಬ ಮಾತಾಗಲಿ ಈ ಆರೋಪಕ್ಕೆ ತಕ್ಕ ಉತ್ತರವಾಗಲಾರದು.

ಹಾಗಾದರೆ ಸ್ವಾಧೀನವೆಂದರೇನು? ಕಾಯಿದೆಯಲ್ಲಿ ಇದಕ್ಕೆ ಲಕ್ಷಣವನ್ನು ಹೇಳಿಲ್ಲ. ನ್ಯಾಯಾಲಯಗಳು ತೀರ್ಪುಗಳ ಪರಂಪರೆಯಿಂದ ಇದಕ್ಕೆ ಎರಡು ಅಂಗಗಳನ್ನು ನಿರ್ಣಯಿಸಿವೆ. ಮೊದಲನೆಯದು ವಸ್ತುವಿನ ಮೇಲಣ ಹತೋಟಿ. ಎರಡನೆಯದು ಅಂತಹ ವಸ್ತುವು ಇದೆಯೆಂಬ ಅರಿವು. ಎರಡೂ ಕೂಡಿದಲ್ಲಿ ಮಾತ್ರವೇ ಜ್ಞಾನಪೂರ್ವಕವಾದ ಸ್ವಾಧೀನ. ಕಾಯಿದೆಯು ದಂಡಿಸುವುದು ಅದನ್ನೇ. ಹತೋಟಿಯಿದ್ದು ಅರಿವಿಲ್ಲದಿದ್ದರೆ ಅದು ಬರಿಯ ಸಾನ್ನಿಧ್ಯ. ಅರಿವಿದ್ದು ಹತೋಟಿಯಿಲ್ಲದಿದ್ದರೆ ಅದು ಬರಿಯ ಸಾಕ್ಷಿತ್ವ.

೨. ಪೂರ್ವಿಕರ ಮತ

ಮಹಾಭಾರತದ ಆದಿಪರ್ವದಲ್ಲಿರುವ ಮಾಂಡವ್ಯೋಪಾಖ್ಯಾನವು ವಾಚಕರಿಗೆ ವಿದಿತವಾದುದೇ. ಮೌನವ್ರತದಲ್ಲಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಕದ್ದ ಒಡವೆಗಳನ್ನು ಬಚ್ಚಿಟ್ಟು ತಾವೂ ಅಡಗಿದರು. ಬೆನ್ನಟ್ಟಿ ಬಂದ ರಾಜಭಟರು ಕೇಳಿದರೆ ಋಷಿಯು ಉತ್ತರ ಕೊಡಲಿಲ್ಲ. ಒಡವೆಗಳು ಆಶ್ರಮದಲ್ಲಿ ಸಿಕ್ಕಿದವು, ಋಷಿಯನ್ನು ಶೂಲಕ್ಕೇರಿಸಿದರು. ಇದನ್ನು ಸಾಮಾನ್ಯವಾಗಿ ಕರ್ಮವಿಪಾಕದ ಕಥೆಯೆಂದು ಓದುವುದುಂಟು. ನಾರದಸ್ಮೃತಿಯಲ್ಲಿಯಾದರೋ ಇದೇ ಮಾಂಡವ್ಯನನ್ನು ವ್ಯವಹಾರದ ಪ್ರಕರಣದಲ್ಲಿಯೇ ಹೆಸರಿಸಿ, ಕಳ್ಳನಲ್ಲದವನೂ ವಿಚಾರಣೆಯ ದೋಷದಿಂದ ಕಳ್ಳನೆನಿಸಿಬಿಡಬಹುದು ಎಂದು ಎಚ್ಚರಿಸಿದೆ. ವಸ್ತುವು ಸಿಕ್ಕಿತು, ಆರೋಪಿತನು ಸುಮ್ಮನಿದ್ದನು, ಆದುದರಿಂದ ಅಪರಾಧವು ಸಿದ್ಧವಾಯಿತು ಎಂಬ ಅನುಮಾನವು ಎಷ್ಟು ದುರ್ಬಲವೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ದೃಷ್ಟಾಂತವು ದೊರೆಯದು.

ಕದ್ದ ಮಾಲಿಗೆ ಧರ್ಮಶಾಸ್ತ್ರದಲ್ಲಿ ಲೋಪ್ತ್ರವೆಂದು ಹೆಸರು. ಯಾಜ್ಞವಲ್ಕ್ಯನು ಕಳ್ಳನನ್ನು ಹಿಡಿಯುವುದಕ್ಕೆ ಕಾರಣಗಳನ್ನು ಎಣಿಸುವಾಗ ಲೋಪ್ತ್ರವನ್ನೂ ಹೆಜ್ಜೆಯ ಗುರುತನ್ನೂ ಹೇಳಿರುವನು. ಈ ಪ್ರಕರಣವನ್ನು ವ್ಯಾಖ್ಯಾನಿಸಿದ ವಿಜ್ಞಾನೇಶ್ವರನು ನಮ್ಮ ನಾಡಿನವನು. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದವನು. ಮಾಲು ಸಿಕ್ಕಿದ ಮಾತ್ರದಿಂದ ಕಳ್ಳತನವು ನಿಶ್ಚಿತವಾಗದೆಂಬುದಕ್ಕೆ ಅವನು ನಾರದನ ವಚನವನ್ನು ಪ್ರಮಾಣವಾಗಿ ತೆಗೆದುಕೊಳ್ಳುತ್ತಾನೆ. ಅದರ ತಾತ್ಪರ್ಯವೇನೆಂದರೆ: ಮಾಲು ಇನ್ನೊಬ್ಬನ ಕೈಯಿಂದ ಜಾರಿ ಬಂದಿರಬಹುದು, ನೆಲದಲ್ಲಿ ಬಿದ್ದಿದ್ದುದನ್ನು ಉದ್ದೇಶವಿಲ್ಲದೆ ಎತ್ತಿಕೊಂಡುದಾಗಿರಬಹುದು, ಕಳ್ಳನೇ ಎಸೆದುಹೋದುದಾಗಿರಬಹುದು, ಆದಕಾರಣ ಯತ್ನಪೂರ್ವಕವಾಗಿ ಪರೀಕ್ಷಿಸತಕ್ಕದ್ದು. ಹತೋಟಿಯಿಂದ ಅರಿವನ್ನು ಬೇರ್ಪಡಿಸಿ ನೋಡಬೇಕೆಂಬ ಇಂದಿನ ತತ್ತ್ವವು ಇಲ್ಲಿ ಬೀಜರೂಪದಲ್ಲಿ ಇದ್ದೇ ಇದೆ.

೩. ಕಾಯಿದೆಯ ಸ್ವರೂಪ

ಆಂಗ್ಲರ ಆಳಿಕೆಯಲ್ಲಿ ಅಫೀಮಿನ ವಿಷಯವಾಗಿ ೧೮೫೭ ಮತ್ತು ೧೮೭೮ರ ಕಾಯಿದೆಗಳೂ, ಬಳಿಕ ೧೯೩೦ರ ಅಪಾಯಕರ ದ್ರವ್ಯಗಳ ಕಾಯಿದೆಯೂ ಇದ್ದವು. ೧೯೬೧ರಲ್ಲಿ ಸಂಯುಕ್ತ ರಾಷ್ಟ್ರಗಳ ಆಶ್ರಯದಲ್ಲಿ ಆದ ಒಪ್ಪಂದವೇ ಮೊದಲಾದುವುಗಳಿಗೆ ಭಾರತವೂ ಕೂಡಿದುದರಿಂದ, ಹಳೆಯ ಮೂರು ಕಾಯಿದೆಗಳನ್ನೂ ರದ್ದುಗೊಳಿಸಿ ೧೯೮೫ರಲ್ಲಿ ಹೊಸತೊಂದು ಕಾಯಿದೆಯು ಮಾಡಲ್ಪಟ್ಟಿತು. ಅದು ಆ ವರ್ಷದ ನವೆಂಬರ್ ೧೪ರಂದು ಜಾರಿಗೆ ಬಂದಿತು. ಇದನ್ನು ನ್ಯಾಯಾಲಯಗಳಲ್ಲಿ ಎನ್.ಡಿ.ಪಿ.ಎಸ್. ಕಾಯಿದೆಯೆಂದು ವ್ಯವಹರಿಸುತ್ತಾರೆ. ಇದರ ೮ನೆಯ ಪ್ರಕರಣವೇ ಮೂಲವಿಧಿ: ವೈದ್ಯಕ್ಕಾಗಿ ಅಥವಾ ವಿಜ್ಞಾನಕ್ಕಾಗಿ, ಅದೂ ನಿಯಮಗಳಿಗೆ ಒಳಪಟ್ಟು ಹೊರತು, ಯಾರೂ ಈ ದ್ರವ್ಯಗಳನ್ನು ಬೆಳೆಯಕೂಡದು, ತಯಾರಿಸಕೂಡದು, ಸ್ವಾಧೀನದಲ್ಲಿಟ್ಟುಕೊಳ್ಳಕೂಡದು, ಮಾರಕೂಡದು, ಕೊಳ್ಳಕೂಡದು, ಸಾಗಿಸಕೂಡದು, ಸೇವಿಸಕೂಡದು.

ಯಾವ ದ್ರವ್ಯವು ನಿಷಿದ್ಧವೆಂಬುದರಲ್ಲಿಯೂ ಸೂಕ್ಷ್ಮವುಂಟು. ಭಂಗಾ ಎಂಬ ಗಿಡದ ಹೆಸರು ಅಥರ್ವವೇದದಲ್ಲಿಯೇ ಇದೆ. ಅಹಿಫೇನವೆಂಬ ಅಫೀಮನ್ನು ಶಾರ್ಙ್ಗಧರಸಂಹಿತೆಯು ಭಂಗೆಯೊಡನೆ ಹೇಳಿದೆ. ಕಾಯಿದೆಯು ಈ ಒಂದೇ ಗಿಡದಲ್ಲಿ ಭೇದವನ್ನು ಕಲ್ಪಿಸುತ್ತದೆ. ಬೇರ್ಪಡಿಸಿದ ಅಂಟು ಚರಸ್. ಹೂ ಅಥವಾ ಕಾಯಿ ಬಿಟ್ಟ ತುದಿಗಳು ಗಾಂಜಾ. ಆ ತುದಿಗಳು ಕೂಡಿರದ ಎಲೆಯೂ ಬೀಜವೂ ಗಾಂಜಾವೆನಿಸವು. ಆದುದರಿಂದ ಬರಿಯ ಎಲೆಯಿಂದಾದ ಭಂಗಿಯು ಆಯಾ ರಾಜ್ಯದ ಅಬಕಾರಿ ನಿಯಮಕ್ಕೆ ಸೇರಿದುದು. ೨೦೨೨ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಒಂದು ಜಾಮೀನಿನ ಅರ್ಜಿಯಲ್ಲಿ ಈ ಭೇದವನ್ನು ಎತ್ತಿ ಹಿಡಿಯಿತು. ಆದರೆ ಅನುಮತಿಯಿಲ್ಲದೆ ಗಿಡವನ್ನು ಬೆಳೆಯುವುದೇ ಬೇರೆಯ ಅಪರಾಧವೆಂಬುದನ್ನು ಮರೆಯಲಾಗದು.

೪. ಪರಿಮಾಣಭೇದ

೧೯೮೫ರ ಮೂಲರೂಪದಲ್ಲಿ, ಸ್ವಂತ ಸೇವನೆಗೆಂದು ಇಟ್ಟ ಅಲ್ಪವನ್ನೂ ಗಾಂಜಾವೇ ಮೊದಲಾದ ಕೆಲವನ್ನೂ ಬಿಟ್ಟರೆ, ಹೆರಾಯಿನ್ ಅಫೀಮುಗಳಂತಹ ದ್ರವ್ಯಗಳಿಗೆ ತೂಕದ ತಾರತಮ್ಯವಿಲ್ಲದೆ ಹತ್ತು ವರ್ಷಗಳಿಗೆ ಕಡಮೆಯಿಲ್ಲದ ಶಿಕ್ಷೆಯಿತ್ತು. ೨೦೦೧ರ ತಿದ್ದುಪಡಿಯಿಂದ ಪರಿಮಾಣವನ್ನು ಅಲ್ಪ, ಮಧ್ಯಮ, ವಾಣಿಜ್ಯವೆಂದು ಮೂರಾಗಿ ವಿಭಾಗಿಸಿ ಶಿಕ್ಷೆಯನ್ನು ಅದಕ್ಕನುಗುಣವಾಗಿ ಏರ್ಪಡಿಸಿದರು. ಗಾಂಜಾದಲ್ಲಿ ೧ ಕಿಲೋಗ್ರಾಮಿಗೆ ಒಳಪಟ್ಟುದು ಅಲ್ಪ, ೨೦ ಕಿಲೋಗ್ರಾಮಿಗೆ ಮೀರಿದುದು ವಾಣಿಜ್ಯಪರಿಮಾಣ. ಚರಸ್ಸಿಗೆ ಈ ಎಲ್ಲೆಗಳು ೧೦೦ ಗ್ರಾಂ ಮತ್ತು ೧ ಕಿಲೋಗ್ರಾಂ. ಅಫೀಮಿಗೆ ೨೫ ಗ್ರಾಂ ಮತ್ತು ೨.೫ ಕಿಲೋಗ್ರಾಂ, ಹೆರಾಯಿನ್‌ಗೆ ೫ ಗ್ರಾಂ ಮತ್ತು ೨೫೦ ಗ್ರಾಂ, ಕೊಕೇನಿಗೆ ೨ ಗ್ರಾಂ ಮತ್ತು ೧೦೦ ಗ್ರಾಂ, ಎಂ.ಡಿ.ಎಂ.ಎ. ಎಂಬುದಕ್ಕೆ ಅರ್ಧ ಗ್ರಾಂ ಮತ್ತು ೧೦ ಗ್ರಾಂ. ಗಾಂಜಾವನ್ನು ಸ್ವಾಧೀನದಲ್ಲಿಟ್ಟುಕೊಂಡವನಿಗೆ ಅಲ್ಪಪರಿಮಾಣದಲ್ಲಿ ೧ ವರ್ಷದವರೆಗೆ ಕಠಿಣ ಸಜೆ ಅಥವಾ ೧೦,೦೦೦ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡೂ. ಮಧ್ಯಮದಲ್ಲಿ ೧೦ ವರ್ಷಗಳವರೆಗೆ ಸಜೆಯೂ ೧ ಲಕ್ಷದವರೆಗೆ ಜುಲ್ಮಾನೆಯೂ. ವಾಣಿಜ್ಯದಲ್ಲಿ ೧೦ರಿಂದ ೨೦ ವರ್ಷಗಳ ಸಜೆಯೂ ೧ರಿಂದ ೨ ಲಕ್ಷ ರೂಪಾಯಿಗಳ ಜುಲ್ಮಾನೆಯೂ ವಿಧಿಸಲ್ಪಟ್ಟಿವೆ. ಅಲ್ಪವಾದರೆ ಅಪರಾಧವೇ ಅಲ್ಲವೆಂದು ಕೆಲವರು ತಿಳಿದಿರುವುದು ಸರಿಯಲ್ಲ. ದಂಡವು ಅಲ್ಪವೇ ಹೊರತು ನಿಷೇಧವು ಅಲ್ಪವಲ್ಲ.

ಪರಿಮಾಣವನ್ನು ಎಣಿಸುವ ಬಗೆಯಲ್ಲಿಯೂ ವಿವಾದವಿತ್ತು. ನಿಷಿದ್ಧದ್ರವ್ಯವನ್ನು ಹಿಟ್ಟು ಮೊದಲಾದ ಬೇರೊಂದು ಪದಾರ್ಥದೊಡನೆ ಬೆರಸಿದ್ದರೆ ಶುದ್ಧಾಂಶವನ್ನು ಮಾತ್ರ ತೂಗಬೇಕೆಂದು ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತ್ತು; ೨೦೨೦ರಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠವು ಅದನ್ನು ಮುರಿದು, ಬೆರಕೆಯ ಒಟ್ಟು ತೂಕವೇ ಗ್ರಾಹ್ಯವೆಂದು ನಿರ್ಣಯಿಸಿತು. ಅಂದರೆ ಸ್ವಲ್ಪವೇ ದ್ರವ್ಯವು ಬೆರಕೆಯ ಭಾರದಿಂದ ವಾಣಿಜ್ಯಪರಿಮಾಣಕ್ಕೆ ಏರಬಹುದು.

ಸ್ವಾಧೀನವನ್ನು ಪರಿಮಾಣದಿಂದ ಅಳೆಯುವುದು ಈಚಿನವರ ಕಲ್ಪನೆಯೇನೂ ಅಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣದಲ್ಲಿ, ಶುಚಿಯಾದ ನಡತೆಯವರೆಂದು ಗೊತ್ತಾದವರು ಕುಡುಬದ ಕಾಲುಭಾಗದಿಂದ ಹಿಡಿದು ಒಂದು ಪ್ರಸ್ಥದವರೆಗೆ, ಗುರುತು ಹಾಕಿದ ಅಲ್ಪವಾದ ಮದ್ಯವನ್ನು ಹೊರಕ್ಕೆ ಒಯ್ಯಬಹುದೆಂದು ಹೇಳಿದೆ. ಅಲ್ಲಿ ಅಲ್ಪತ್ವವು ಅನುಮತಿಗೆ ಕಾರಣ. ಇಲ್ಲಿ ಅದು ದಂಡದ ಲಾಘವಕ್ಕೆ ಮಾತ್ರ ಕಾರಣವೆಂಬುದೇ ಭೇದ.

೫. ತೀರ್ಪುಗಳಲ್ಲಿ ಸ್ವಾಧೀನ

ಈಗ ಪ್ರಕೃತಕ್ಕೆ ಬರೋಣ. ಸ್ವಾಧೀನವು ದೇಹಸಂಬಂಧವನ್ನು ಅಪೇಕ್ಷಿಸದೆಂಬುದಕ್ಕೆ ೨೦೧೫ರ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದು ದೃಷ್ಟಾಂತ. ನ್ಯಾಯಾಲಯದ ಮಾಲುಖಾನೆಯಿಂದಲೇ ಅಫೀಮನ್ನು ಕದ್ದು ಹೂತಿಟ್ಟಿದ್ದರು. ಕಳವು ನಡೆದುದು ಕಾಯಿದೆಯು ಜಾರಿಗೆ ಬರುವುದಕ್ಕೆ ಸ್ವಲ್ಪ ಮೊದಲು; ಆರೋಪಿತನು ತೋರಿಸಿದ ಸ್ಥಳದಿಂದ ಅದನ್ನು ಹೊರತೆಗೆದುದು ಬಳಿಕ. ನೆಲದೊಳಗಿದ್ದ ವಸ್ತುವು ಆತನ ಕೈಯಲ್ಲಿರಲಿಲ್ಲ. ಆದರೂ ಎಲ್ಲಿದೆಯೆಂಬ ಅರಿವೂ ಬೇಕಾದಾಗ ತೆಗೆಯುವ ಹತೋಟಿಯೂ ಆತನಲ್ಲಿ ಇದ್ದುದರಿಂದ, ಕಾಯಿದೆ ಬಂದಮೇಲೂ ಸ್ವಾಧೀನವು ಮುಂದುವರಿದಿತ್ತೆಂದು ತೀರ್ಮಾನವಾಯಿತು.

ಒಂದೇ ವಾಹನದಲ್ಲಿ ಹಲವರಿದ್ದರೆ ಹೇಗೆ? ಇಲ್ಲಿ ಎರಡು ತೀರ್ಪುಗಳನ್ನು ಒಟ್ಟಿಗೆ ಓದತಕ್ಕದ್ದು. ೨೦೦೨ರಲ್ಲಿ ತೀರ್ಮಾನವಾದ ಮೊಕದ್ದಮೆಯಲ್ಲಿ ಕೆಲವರು ಲಾರಿಯೊಂದರಲ್ಲಿ ಗಸಗಸೆ ಕಾಯಿಯ ಸಿಪ್ಪೆ ತುಂಬಿದ ಚೀಲಗಳ ಮೇಲೆ ಕುಳಿತಿದ್ದರು. ಕುಳಿತಿದ್ದ ಮಾತ್ರದಿಂದ ಚೀಲಗಳು ಅವರ ಸ್ವಾಧೀನದಲ್ಲಿದ್ದುವೆಂದು ಹೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಬಿಡುಗಡೆ ಮಾಡಿತು. ೨೦೦೩ರ ಮೊಕದ್ದಮೆಯಲ್ಲಿಯಾದರೋ ಒಂದು ಕಾರಿನಲ್ಲಿ ಚರಸ್ ಸಿಕ್ಕಿತು. ಒಟ್ಟಿಗೆ ಪ್ರಯಾಣ ಮಾಡುತ್ತಿದ್ದವರೆಲ್ಲರಿಗೂ ಅರಿವಿತ್ತೆಂದು ಎಣಿಸಿ ಶಿಕ್ಷೆಯನ್ನು ಸ್ಥಿರಪಡಿಸಲಾಯಿತು. ಆದುದರಿಂದ ಸಹಪ್ರಯಾಣವು ತಾನೇ ಸ್ವಾಧೀನವಲ್ಲದಿದ್ದರೂ ಪರಸ್ಪರ ಪರಿಚಯ, ವಸ್ತುವಿದ್ದ ಸ್ಥಳ, ಸುತ್ತಣ ಸನ್ನಿವೇಶ ಇವು ಕೂಡಿ ಅದನ್ನು ಸ್ವಾಧೀನವಾಗಿಸಬಲ್ಲವು.

ಮನೆಯ ಯಜಮಾನನ ವಿಷಯದಲ್ಲಿ ೨೫ನೆಯ ಪ್ರಕರಣವಿದೆ. ತನ್ನ ಮನೆಯನ್ನೋ ವಾಹನವನ್ನೋ ಈ ಅಪರಾಧಕ್ಕೆ ಉಪಯೋಗಿಸಲು ತಿಳಿದು ಅವಕಾಶ ಕೊಟ್ಟವನಿಗೆ ಮೂಲಾಪರಾಧದ ದಂಡವೇ ಪ್ರಾಪ್ತಿಸುತ್ತದೆ. ಇಲ್ಲಿಯೂ ‘ತಿಳಿದು’ ಎಂಬ ವಿಶೇಷಣವೇ ಪ್ರಾಣ.

೬. ಭಾರವಿಪರ್ಯಯ

ಅರಿವು ಅವಶ್ಯವೆಂದಾದರೆ ಅದನ್ನು ಸ್ಥಾಪಿಸತಕ್ಕವನು ಯಾರು? ನಮ್ಮ ನಿಬಂಧಕಾರರು ಪ್ರತಿವಾದಿಯ ಉತ್ತರಗಳನ್ನು ವಿಭಾಗಿಸಿ, ಮಿಥ್ಯೋತ್ತರದಲ್ಲಿ, ಎಂದರೆ ‘ಇಲ್ಲ’ ಎಂಬ ನಿರಾಕರಣೆಯಲ್ಲಿ, ಪ್ರಮಾಣವನ್ನು ತರತಕ್ಕ ಭಾರವು ಪೂರ್ವವಾದಿಯದೆಂದೂ, ಕಾರಣೋತ್ತರದಲ್ಲಿ, ಎಂದರೆ ಸಂಗತಿಯನ್ನು ಒಪ್ಪಿ ಬೇರೊಂದು ಕಾರಣವನ್ನು ಹೇಳಿದಲ್ಲಿ, ಆ ಭಾರವು ಪ್ರತಿವಾದಿಯದೆಂದೂ ನಿರ್ಣಯಿಸಿದ್ದಾರೆ. ‘ಆ ಚೀಲದಲ್ಲಿ ಏನಿತ್ತೆಂಬುದನ್ನು ನಾನರಿಯೆ’ ಎಂಬುದು ಅರಿವಿನ ಅಂಶದಲ್ಲಿ ಶುದ್ಧವಾದ ಮಿಥ್ಯೋತ್ತರ. ಕಾಯಿದೆಯ ೩೫ ಮತ್ತು ೫೪ನೆಯ ಪ್ರಕರಣಗಳು ಇದನ್ನು ಕಾರಣೋತ್ತರದಂತೆ ಮಾಡಿಬಿಟ್ಟಿವೆ. ೩೫ರಂತೆ ಆರೋಪಿತನಲ್ಲಿ ಅರಿವು, ಉದ್ದೇಶ ಮೊದಲಾದ ಮನೋಭಾವವು ಇತ್ತೆಂದೇ ನ್ಯಾಯಾಲಯವು ಊಹಿಸತಕ್ಕದ್ದು. ಇಲ್ಲವೆಂದು ತೋರಿಸುವುದು ಆತನ ಕೆಲಸ. ೫೪ರಂತೆ, ವಸ್ತುವಿನ ಸ್ವಾಧೀನಕ್ಕೆ ತೃಪ್ತಿಕರವಾದ ಸಮಾಧಾನವನ್ನು ಆತನು ಕೊಡದಿದ್ದರೆ ಅಪರಾಧವನ್ನು ಊಹಿಸಬಹುದು. ೧೮೭೮ರ ಅಫೀಮು ಕಾಯಿದೆಯಲ್ಲಿಯೂ ಇಂತಹ ಊಹೆಯಿತ್ತು. ಅದರ ಮೇಲೆ ೧೯೭೩ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸ್ವಾಧೀನಕ್ಕೆ ಅರಿವು ಬೇಕೇ ಬೇಕು, ಆದರೆ ಅರಿವಿಲ್ಲವೆಂಬುದನ್ನು ಆರೋಪಿತನೇ ತೋರಿಸಬೇಕು ಎಂದು ಹೇಳಿತು.

ಇಲ್ಲಿ ನೈಯಾಯಿಕನು ಆಕ್ಷೇಪಿಸುವನು: ವಸ್ತುವಿನ ಸಾನ್ನಿಧ್ಯವೆಂಬ ಹೇತುವು ಅರಿವೆಂಬ ಸಾಧ್ಯವನ್ನು ಬಿಟ್ಟೂ ಇರಬಲ್ಲುದಾದುದರಿಂದ ಅದು ವ್ಯಭಿಚಾರಿಯಾದ ಹೇತು, ಮಾಂಡವ್ಯನೇ ಅದಕ್ಕೆ ಸಾಕ್ಷಿ, ಅಂತಹ ಹೇತುವಿನಿಂದ ಇಪ್ಪತ್ತು ವರ್ಷಗಳ ದಂಡವನ್ನು ಸಾಧಿಸುವುದು ಹೇಗೆ? ಕಾಯಿದೆಯ ಪಕ್ಷದವರ ಸಮಾಧಾನವಿದು: ಅರಿವು ಮನಸ್ಸಿನೊಳಗಿರುವ ಧರ್ಮ, ಅದನ್ನು ಬಲ್ಲವನು ಆತನೊಬ್ಬನೇ, ಈ ವ್ಯಾಪಾರವು ಗುಟ್ಟಿನಲ್ಲಿ ನಡೆಯತಕ್ಕದ್ದು, ಪರಪಕ್ಷದವರು ಅದನ್ನು ಸಾಧಿಸಬೇಕೆಂದರೆ ಯಾವ ಮೊಕದ್ದಮೆಯೂ ನಿಲ್ಲದು. ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಕರಣಗಳು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಎತ್ತಿ ಹಿಡಿಯಿತಾದರೂ, ಮೊದಲು ಆಧಾರಭೂತವಾದ ಸಂಗತಿಗಳನ್ನು ಸರ್ಕಾರವೇ ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿಸತಕ್ಕದ್ದೆಂದೂ, ಆ ಬಳಿಕವೇ ಊಹೆಯು ಹುಟ್ಟುವುದೆಂದೂ, ಆರೋಪಿತನ ಭಾರವು ಸರ್ಕಾರದ ಭಾರದಷ್ಟು ಗುರುತರವಲ್ಲವೆಂದೂ ನಿಯಮಿಸಿತು. ವಸ್ತುವು ನಿಜವಾಗಿ ಆತನಲ್ಲಿಯೇ ಸಿಕ್ಕಿತೆ, ಸಿಕ್ಕಿದುದನ್ನೇ ಪರೀಕ್ಷೆಗೆ ಕಳುಹಿಸಿದರೆ, ಪರೀಕ್ಷಿಸಿದುದು ನಿಷಿದ್ಧದ್ರವ್ಯವೇ ಅಹುದೆ ಎಂಬಿವು ಆ ಆಧಾರಭೂತ ಸಂಗತಿಗಳು.

೭. ಶೋಧನೆಯ ವಿಧಿಗಳು

ಅರಿವಿನ ವಿಷಯದಲ್ಲಿ ಆರೋಪಿತನಿಂದ ಕಸಿದುಕೊಂಡ ರಕ್ಷಣೆಯನ್ನು ಕಾಯಿದೆಯು ಶೋಧನೆಯ ವಿಧಿಗಳ ಮೂಲಕ ಸ್ವಲ್ಪಮಟ್ಟಿಗೆ ಹಿಂದಕ್ಕೆ ಕೊಟ್ಟಿದೆ. ೪೨ನೆಯ ಪ್ರಕರಣದಂತೆ ಗುಪ್ತವರ್ತಮಾನವನ್ನು ಅಧಿಕಾರಿಯು ಬರೆದಿಡತಕ್ಕದ್ದು, ಮೇಲಧಿಕಾರಿಗೆ ತಿಳಿಸತಕ್ಕದ್ದು. ೫೦ರಂತೆ ಒಬ್ಬನ ಮೈಯನ್ನು ಶೋಧಿಸುವುದಕ್ಕೆ ಮೊದಲು, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಶೋಧಿಸಲ್ಪಡುವ ಹಕ್ಕು ಆತನಿಗೆ ಉಂಟೆಂದು ತಿಳಿಸತಕ್ಕದ್ದು. ಸ್ತ್ರೀಯರನ್ನು ಸ್ತ್ರೀಯೇ ಶೋಧಿಸತಕ್ಕದ್ದು. ಈ ವಿಧಿಯನ್ನು ಮೀರಿ ಮೈಯಿಂದ ತೆಗೆದ ವಸ್ತುವನ್ನು ಸ್ವಾಧೀನಕ್ಕೆ ಪ್ರಮಾಣವಾಗಿ ಉಪಯೋಗಿಸಲಾಗದೆಂದು ೧೯೯೯ರಲ್ಲಿಯೂ, ಹಕ್ಕನ್ನು ತಿಳಿಸುವುದು ಕಟ್ಟುನಿಟ್ಟಾದ ಕರ್ತವ್ಯವೆಂದು ೨೦೧೦ರಲ್ಲಿಯೂ ಸಂವಿಧಾನಪೀಠಗಳು ಹೇಳಿವೆ. ಆದರೆ ಇದು ಮೈಗೆ ಮಾತ್ರ ಸಂಬಂಧಿಸಿದುದು; ಕೈಚೀಲಕ್ಕೂ ವಾಹನಕ್ಕೂ ಅನ್ವಯಿಸದೆಂದು ೨೦೦೫ರ ತೀರ್ಪು. ೫೨-ಎ ಪ್ರಕರಣದಂತೆ ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ತೆಗೆಯತಕ್ಕದ್ದೆಂದು ೨೦೧೬ರಲ್ಲಿ ಸ್ಪಷ್ಟಪಡಿಸಲಾಯಿತು. ೬೭ರಂತೆ ಅಧಿಕಾರಿಯೆದುರಿಗೆ ಕೊಟ್ಟ ಹೇಳಿಕೆಯು ತಪ್ಪೊಪ್ಪಿಗೆಯೆಂದು ಗ್ರಾಹ್ಯವಲ್ಲವೆಂದು ೨೦೨೦ರಲ್ಲಿ ಬಹುಮತದಿಂದ ನಿರ್ಣಯವಾಯಿತು. ಪೀಡಿಸುವ ಉದ್ದೇಶದಿಂದ ಶೋಧಿಸಿದ ಅಧಿಕಾರಿಗೂ, ದ್ವೇಷದಿಂದ ಸುಳ್ಳು ವರ್ತಮಾನ ಕೊಟ್ಟವನಿಗೂ ೫೮ನೆಯ ಪ್ರಕರಣವು ದಂಡವನ್ನು ಹೇಳಿದೆ.

ಇವೆಲ್ಲವೂ ಬರಿಯ ಪದ್ಧತಿಯ ತೊಡಕುಗಳು, ಇವುಗಳಿಂದ ಅಪರಾಧಿಗಳು ತಪ್ಪಿಸಿಕೊಳ್ಳುವರು ಎಂಬ ದೂರು ಆಗಾಗ್ಗೆ ಕೇಳಿಬರುತ್ತದೆ. ಇದು ವಿಚಾರಿಸತಕ್ಕ ಮಾತು. ಸಾಮಾನ್ಯವಾದ ಅಪರಾಧದಲ್ಲಿ ಮನೋಭಾವವನ್ನೂ ಸರ್ಕಾರವು ಸ್ಥಾಪಿಸಬೇಕಾದುದರಿಂದ ಶೋಧನೆಯಲ್ಲಿ ಒಂದು ಲೋಪವಾದರೂ ನಿರಪರಾಧಿಗೆ ಬೇರೊಂದು ರಕ್ಷೆಯಿರುತ್ತದೆ. ಇಲ್ಲಿ ಆ ರಕ್ಷೆಯು ಬಹುಮಟ್ಟಿಗೆ ಇಲ್ಲ. ಚೀಲದೊಳಗೆ ವಸ್ತುವನ್ನು ಬೇರೊಬ್ಬನು ಇಟ್ಟಿದ್ದರೆ, ಅಥವಾ ಶೋಧಿಸುವವನೇ ಇಟ್ಟಿದ್ದರೆ, ಅದನ್ನು ಬಯಲಿಗೆಳೆಯಲು ಉಳಿದಿರುವ ಸಾಧನವು ಈ ವಿಧಿಗಳೇ. ಆದಕಾರಣ ಊಹೆಯೂ ವಿಧಿಯೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಸಡಿಲಿಸಬೇಕೆನ್ನುವವರು ತಕ್ಕಡಿಯನ್ನೇ ಕೆಡಿಸಿದಂತಾಗುವುದು. ನಾರದನು ಹೇಳಿದ ಯತ್ನಪೂರ್ವಕವಾದ ಪರೀಕ್ಷೆಗೆ ಇಂದಿನ ಕಾಲದಲ್ಲಿ ಸಂದ ರೂಪವೇ ಈ ವಿಧಿಗಳೆಂದು ಹೇಳಬಹುದು.

೮. ಜಾಮೀನು ಮತ್ತು ಚಿಕಿತ್ಸೆ

ಭಾರವಿಪರ್ಯಯದ ಛಾಯೆಯು ಜಾಮೀನಿನ ಮೇಲೂ ಬಿದ್ದಿದೆ. ವಾಣಿಜ್ಯಪರಿಮಾಣದ ಮೊಕದ್ದಮೆಗಳಲ್ಲಿ, ಸರ್ಕಾರಿ ವಕೀಲರು ವಿರೋಧಿಸಿದರೆ, ಆರೋಪಿತನು ಅಪರಾಧಿಯಲ್ಲವೆಂದು ನಂಬಲು ಸಕಾರಣವಾದ ಆಧಾರವಿದೆಯೆಂದೂ, ಬಿಟ್ಟರೆ ಆತನು ಮತ್ತೆ ಅಪರಾಧವನ್ನೆಸಗಲಾರನೆಂದೂ ನ್ಯಾಯಾಲಯಕ್ಕೆ ಮನವರಿಕೆಯಾಗದೆ ೩೭ನೆಯ ಪ್ರಕರಣದಂತೆ ಜಾಮೀನು ದೊರೆಯದು. ದೋಷಾರೋಪಪಟ್ಟಿಯನ್ನು ಸಲ್ಲಿಸಲು ಇಂತಹವುಗಳಲ್ಲಿ ೧೮೦ ದಿನಗಳ ಅವಧಿಯಿದೆ. ಅದನ್ನು ಒಂದು ವರ್ಷದವರೆಗೆ ವಿಸ್ತರಿಸಲೂಬಹುದು. ತೀರ್ಪಿಗೆ ಮೊದಲೇ ಒಬ್ಬನ ವರ್ಷಗಳು ಸೆರೆಮನೆಯಲ್ಲಿ ಕಳೆದುಹೋಗುವ ಸಂಭವವನ್ನು ಗಮನಿಸಿ, ವಿಚಾರಣೆಯು ಮಿತಿಮೀರಿ ತಡವಾದಲ್ಲಿ ೩೭ನೆಯ ಪ್ರಕರಣವೂ ಜಾಮೀನಿಗೆ ಅಡ್ಡಿಯಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ ಹೇಳಿತು.

ವ್ಯಸನಿಯ ವಿಷಯದಲ್ಲಿ ಕಾಯಿದೆಯು ಪೂರ್ತಿಯಾಗಿ ನಿರ್ದಯವಲ್ಲ. ಸೇವನೆಯ ಅಪರಾಧಕ್ಕೆ ಅಥವಾ ಅಲ್ಪಪರಿಮಾಣದ ಅಪರಾಧಕ್ಕೆ ಗುರಿಯಾದ ವ್ಯಸನಿಯು ತಾನಾಗಿ ಬಂದು, ಸರ್ಕಾರವು ಅಂಗೀಕರಿಸಿದ ಸಂಸ್ಥೆಯಲ್ಲಿ ಚಿಕಿತ್ಸೆಯನ್ನು ಪಡೆದರೆ ೬೪-ಎ ಪ್ರಕರಣದಂತೆ ಆತನ ಮೇಲೆ ಮೊಕದ್ದಮೆಯು ನಡೆಯದು. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಈ ರಕ್ಷಣೆಯು ತಪ್ಪಿಹೋಗಬಹುದು. ೩೯ರಂತೆ ನ್ಯಾಯಾಲಯವೂ ಅಂತಹವನನ್ನು ಶಿಕ್ಷೆಗೆ ಬದಲಾಗಿ ಚಿಕಿತ್ಸೆಗೆ ಕಳುಹಿಸಬಹುದು. ಮಕ್ಕಳು ವ್ಯಸನಕ್ಕೆ ಬಿದ್ದುದನ್ನು ಅವಮಾನಕ್ಕೆ ಅಂಜಿ ಮರೆಮಾಡುವ ತಂದೆತಾಯಿಗಳು ಈ ಎರಡು ಪ್ರಕರಣಗಳನ್ನು ಅರಿತಿರುವುದು ಒಳ್ಳೆಯದು.

೯. ಉಪಸಂಹಾರ

ಇದುವರೆಗಿನ ವಿಚಾರದಿಂದ ಸಿದ್ಧವಾದುದೇನೆಂದರೆ: ಸ್ವಾಧೀನವು ಒಡೆತನವೂ ಅಲ್ಲ, ಸೇವನೆಯೂ ಅಲ್ಲ; ಅದು ಹತೋಟಿ ಮತ್ತು ಅರಿವು ಕೂಡಿದುದು. ಹತೋಟಿಯನ್ನು ಸರ್ಕಾರವು ಸ್ಥಾಪಿಸಬೇಕು. ಸ್ಥಾಪಿಸಿದ ಬಳಿಕ ಅರಿವಿಲ್ಲವೆಂಬುದನ್ನು ಆರೋಪಿತನು ತೋರಿಸಬೇಕು. ಹೀಗಿರುವಲ್ಲಿ, ಒಳಗೇನಿದೆಯೆಂದು ತಿಳಿಯದ ಪೊಟ್ಟಣವನ್ನು ದಾಕ್ಷಿಣ್ಯಕ್ಕಾಗಿ ಒಯ್ಯುವವನು, ತನ್ನ ಕೊಠಡಿಯ ಬೀಗದ ಕೈಯನ್ನು ಗೊತ್ತಿಲ್ಲದವರಿಗೆ ಕೊಡುವ ವಿದ್ಯಾರ್ಥಿ, ವಾಹನವನ್ನು ಬಾಡಿಗೆಗೆ ಬಿಡುವ ಗೃಹಸ್ಥ, ಇವರೆಲ್ಲರೂ ತಮಗರಿಯದಂತೆಯೇ ಪ್ರಮಾಣಭಾರವೊಂದನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಆರೋಪಕ್ಕೊಳಗಾದವನು ಮಾಂಡವ್ಯನಂತೆ ವಿಚಾರಣೆಯುದ್ದಕ್ಕೂ ಮೌನವಾಗಿ ಕುಳಿತರೆ ಈ ಕಾಯಿದೆಯಲ್ಲಿ ಆ ಮೌನವು ಆತನಿಗೆ ಸಹಾಯಕವಾಗದು. ನ್ಯಾಯವಾದಿಯ ನೆರವಿನಿಂದ, ವಸ್ತುವು ಹೇಗೆ ಬಂದಿತೆಂಬ ಸಮಾಧಾನವನ್ನು ನ್ಯಾಯಾಲಯದ ಮುಂದೆ ಪ್ರಮಾಣಸಹಿತವಾಗಿ ಇಡತಕ್ಕದ್ದು.

ಮಾದಕದ್ರವ್ಯಗಳು ಮನೆಗಳನ್ನು ಹಾಳುಮಾಡುತ್ತಿರುವುದು ನಿಜ. ಅವುಗಳನ್ನು ಮಾರಿ ಹಣಗಳಿಸುವವರಿಗೆ ಉಗ್ರದಂಡವು ಉಚಿತವೇ. ದಂಡವು ಉಗ್ರವಾದಷ್ಟೂ ಪರೀಕ್ಷೆಯು ಸೂಕ್ಷ್ಮವಾಗಬೇಕೆಂಬುದು ಮಾತ್ರ ವಿಜ್ಞಾನೇಶ್ವರನ ಕಾಲದಿಂದಲೂ ಈ ನಾಡಿನ ವ್ಯವಹಾರಜ್ಞರು ಮರೆಯದೆ ಬಂದ ಮಾತು.